ಕಂದು ಟೊಪ್ಪಿಗೆಯವನು

ಇನ್ನೂರು ಪದ ಸಾಕು, ಕೊನೆಯಲ್ಲಿ ನಕ್ಷತ್ರ ಹಾಕು,
ಅನ್ನುತ್ತಾನೆ ಲೈಲ್ ಓಪರ್‌ಮನ್,
ಟೊಲೀಡೊದ ಪುಕ್ಕಟೆ ವಾರಪತ್ರಿಕೆಯ ಸಂಪಾದಕ.
ಬುಧವಾರ ಕಾಮಿಕ್ಸು, ಶನಿವಾರ ಕಾರ್ಟೂನು,
ಒಂದು ವಿಮರ್ಶೆಗೆ ಇಪ್ಪತ್ತೈದು ಡಾಲರು.
ಐವತ್ತೆಂಟರ ಹೆಂಗಸಿಗೆ ಇದೆಂಥ ಕಸುಬು ಎಂದು
ಪಕ್ಕದ ಮನೆಯ ಶ್ರೀಮತಿ ಡುಡೆಕ್
ಕೇಳುವುದನ್ನು ಬಿಟ್ಟು ಬಹಳ ದಿನವಾಯಿತು.

ಈ ವಾರ ಹಳೆಯ ಸರಣಿ, ಡಿಸ್ಕಿನಲ್ಲಿ ಮತ್ತೆ ಬಿಟ್ಟಿದ್ದಾರೆ:
'ಸತುವಿನ ಸರದಾರ', ನಲವತ್ತು ಕಂತು.
ನಾಯಕನ ಬಗ್ಗೆ ಹೇಳುವುದು ಹೆಚ್ಚಿಲ್ಲ.
ಚೌಕ ಗಲ್ಲ, ಬೂದಿ ಮೈ, ಊರ ಉಸಾಬರಿಯೆಲ್ಲ ಅವನದೇ.
ಮಾತಾಡುವಾಗ ತುಟಿಯಷ್ಟೇ ಆಡುತ್ತದೆ,
ಉಳಿದ ಮುಖ ಸಂಬಳ ಬಾಕಿಯಿದ್ದಂತೆ ಮುಷ್ಕರದಲ್ಲಿದೆ.
ಕಾಸಿಗೆ ತಕ್ಕ ಕಜ್ಜಾಯ.

ನನ್ನ ಕಣ್ಣು ಸಿಕ್ಕಿಕೊಂಡದ್ದು ಇನ್ನೊಬ್ಬನಲ್ಲಿ.
ಎರಡನೆಯ ಕಂತು, ಬ್ಯಾಂಕಿನ ಗೋಡೆ ಬೀಳುತ್ತದೆ,
ಜನ ಚೀರುತ್ತಾರೆ; ನಡುವೆ ಒಬ್ಬ
ಎಡಗೈಯಲ್ಲಿ ಕಂದು ಟೊಪ್ಪಿಗೆ ಒತ್ತಿ ಹಿಡಿದು
ಎದ್ದೆನೋ ಬಿದ್ದೆನೋ ಎಂದು ಬಲಕ್ಕೆ ಓಡುತ್ತಾನೆ.
ಐದರಲ್ಲಿ ಅಣೆಕಟ್ಟು ಒಡೆದಾಗ ಅವನೇ.
ಒಂಬತ್ತರಲ್ಲಿ, ಲೋಹದ ಜೇಡಗಳು ಇಳಿದಾಗ, ಅವನೇ,
ಅದೇ ಎಂಟು ಹೆಜ್ಜೆ, ಅದೇ ತೆರೆದ ಬಾಯಿ.
ಹನ್ನೆರಡರಲ್ಲಿ ಊರು ಚಂದ್ರನ ಮೇಲಿದೆ,
ಅಲ್ಲೂ, ಗಾಜಿನ ಗುಮ್ಮಟದಡಿ, ಅದೇ ಕೋಟು ತೊಟ್ಟು.

ಗೊತ್ತು, ಗೊತ್ತು. ಒಮ್ಮೆ ಬರೆದದ್ದನ್ನೇ ಸಲಸಲವೂ ಓಡಿಸಿದ್ದಾರೆ.
ಪಾರದರ್ಶಕ ಹಾಳೆಗಳ ಮೇಲೆ ಯಾರೋ ಒಬ್ಬರು
ಒಂದು ಮಧ್ಯಾಹ್ನ ಕೂತು ಎಂಟು ಹೆಜ್ಜೆ ತಿದ್ದಿ,
ಹಿಂಬದಿಗೆ ಬಣ್ಣ ತುಂಬಿ, ಊಟಕ್ಕೆ ಎದ್ದು ಹೋಗಿದ್ದಾರೆ.
ಆದರೂ ಇಪ್ಪತ್ತೆರಡು ಅನಾಹುತಗಳಿಂದ ಪಾರಾದವನಿಗೆ
ಒಂದು ಹೆಸರೂ ಇಲ್ಲವಲ್ಲ.
ಪ್ರತಿ ಸಲ ಉರುಳಿದ್ದು ಅವನದೇ ಬೀದಿಯೆ?
ಮನೆಯ ವಿಮೆಯನ್ನಾದರೂ ಮಾಡಿಸಿದ್ದನೆ?
ನೋಟ್‌ಬುಕ್ಕಿನಲ್ಲಿ ಸರದಾರನಿಗೆ ನಾಲ್ಕು ಸಾಲು,
ಟೊಪ್ಪಿಗೆಯವನದು ಮೂರು ಪುಟ.

ಆಮೇಲೆ ಮೂವತ್ತೊಂದನೆಯ ಕಂತು.
ಗೋದಾಮಿಗೆ ಬೆಂಕಿ. ಎಲ್ಲರೂ ಬಲಕ್ಕೆ.
ಅವನೊಬ್ಬ ಎಡಕ್ಕೆ.
ಬೆಂಕಿಯ ಕಡೆಗೆ.

ತಡೆದು ನಿಲ್ಲಿಸಿದೆ. ಹಿಂದೆ ಓಡಿಸಿ ಮತ್ತೆ ನೋಡಿದೆ.
ಹಾಳೆ ಮಗುಚಿ ಇಟ್ಟಿದ್ದಾರೆ, ಅಷ್ಟೇ:
ಕೋಟಿನ ಗುಂಡಿ ಹೆಂಗಸರ ಕಡೆಗೆ ಬಂದಿದೆ,
ಬಣ್ಣ ಮೆತ್ತಿದ ಬದಿ ಮೇಲಾಗಿ ಗೆರೆಗಳೆಲ್ಲ ಮಸುಕು.
ಶುಕ್ರವಾರ ಸಂಜೆಯ ಅವಸರ ಇರಬಹುದು.
ಬಾಯಿ ಮಾತ್ರ ಹಾಗೇ ತೆರೆದಿದೆ, ಹೆದರಿಕೆ ಅದೇ,
ಎಂಟೇ ಹೆಜ್ಜೆ. ಹೊಗೆಯೊಳಗೆ ಹೋದ.

ಅಪ್ಪ, ಎಮಿಲ್ ಹ್ರುಷ್ಕಾ, ಗಾಜಿನ ಕಾರ್ಖಾನೆಯಲ್ಲಿ
ಕುಲುಮೆ ಕಾಯುತ್ತಿದ್ದ. ನಾನಾಗ ಆರನೆಯ ಕ್ಲಾಸು.
ಬೆಂಕಿ ಬಿದ್ದ ದಿನ ಮಾಮೀ ನದಿಯ ಆಚೆ ದಡದವರೆಗೂ ಸೈರನ್ನು.
ಮುನ್ನೂರು ಜನ ಹೊರಗೆ ಬಂದರು, ಅಪ್ಪನೂ ಬಂದ;
ಗೇಟಿನ ತನಕ ಬಂದವನು ಜೇಬು ತಡವಿಕೊಂಡು
ತಿರುಗಿ ಒಳಗೆ ನಡೆದ.
ಯಾರನ್ನೋ ಉಳಿಸಲಿಕ್ಕೆ ಎಂದು ಶಾಲೆಯಲ್ಲಿ ಹೇಳಿದೆ.
ಅಲ್ಲ. ಹಾಜರಿ ಕಾರ್ಡು ಪಂಚ್ ಮಾಡಲಿಕ್ಕೆ.
ಮಾಡದಿದ್ದರೆ ಅರ್ಧ ದಿನದ ಕೂಲಿ ಹಿಡಿಯುತ್ತಿದ್ದರು.
ಬಂದ. ಹುಬ್ಬು ಸುಟ್ಟಿತ್ತು.
ಅಮ್ಮ ಮೂರು ದಿನ ಮಾತಾಡಲಿಲ್ಲ;
ಭಾನುವಾರ ತನ್ನ ಪೆನ್ಸಿಲಿನಲ್ಲಿ ಅವನ ಹುಬ್ಬು ತೀಡಿ
ಚರ್ಚಿಗೆ ಕರೆದುಕೊಂಡು ಹೋದಳು.

ಮೂವತ್ತೆರಡನೆಯ ಕಂತು ಹಾಕಲು ಕೈ ಅಂಜಿತು.
ಹಾಕಿದೆ. ರೈಲು ಹಳಿ ತಪ್ಪಿತು, ಜನ ಚೀರಿದರು,
ಅಗೋ ಬಂದ, ಬಲಕ್ಕೆ, ಎಡಗೈಯಲ್ಲಿ ಟೊಪ್ಪಿಗೆ.
ಒಬ್ಬಳೇ ಕೂತು ಚಪ್ಪಾಳೆ ತಟ್ಟಿದೆ.

ಲೈಲ್ ಕೊನೆಯ ಭಾಗ ಕತ್ತರಿಸಿದ:
ಇದರಲ್ಲಿ ನಿಮ್ಮಪ್ಪ ಯಾಕೆ ಬಂದ, ಬರ್ನಿಸ್?
ಸರದಾರನಿಗೆ ಎರಡು ನಕ್ಷತ್ರ ಅಚ್ಚಾದವು.
ಮಂಗಳವಾರ ಚೆಕ್ಕು ಬಂತು, ಇಪ್ಪತ್ತೈದು ಡಾಲರು.
ಆಗಿನ ಲೆಕ್ಕದಲ್ಲಿ
ಹೆಚ್ಚುಕಮ್ಮಿ ಅರ್ಧ ದಿನದ ಕೂಲಿ.