ಅಡಿಟಿಪ್ಪಣಿ ಹದಿನಾಲ್ಕು

ಬರ್ಮುಡಾದ ಹ್ಯಾಮಿಲ್ಟನ್ನಿನಲ್ಲಿ, ಮೂರನೇ ಮಹಡಿಯಲ್ಲಿ
ವರ್ನೆಲ್ ಔಟರ್‌ಬ್ರಿಜ್
ವಿಮಾ ಕಂಪನಿಯ ವರ್ಷದ ಲೆಕ್ಕಕ್ಕೆ ಅಡಿಟಿಪ್ಪಣಿ ಬರೆಯುತ್ತಿದ್ದಾಳೆ.

ಅವಧಿ ಮುಗಿವತನಕ ಇಟ್ಟುಕೊಳ್ಳುವ ಬಾಂಡು ಕೊಂಡ ಬೆಲೆಗೆ.
ಮಾರಬಹುದಾದದ್ದು ಇವತ್ತಿನ ಬೆಲೆಗೆ.
ಏರಿದ್ದು, ಇಳಿದದ್ದು, ಮಾರುವತನಕ
ಲಾಭದ ಮನೆಗೆ ಕಾಲಿಡುವಂತಿಲ್ಲ,
ಬೇರೆ ಸಾಲಿನಲ್ಲಿ ಕಾದಿರಬೇಕು.

ಇದು ಅವಳಿಗೆ ಬಾಲ್ಯದಿಂದ ಗೊತ್ತು.
ಸುಣ್ಣ ಬಳಿದ ಮೆಟ್ಟಿಲುಮಾಡಿನಿಂದ
ತೊಟ್ಟಿಗಿಳಿದ ಮಳೆನೀರಿಗೆ
ಅಜ್ಜಿ ಕೋಲು ಇಳಿಸಿ ಅಳೆಯುತ್ತಿದ್ದಳು:
ಕುಡಿದ ಮೇಲೆ ನಮ್ಮದು, ಅಲ್ಲಿಯತನಕ ತೊಟ್ಟಿಯದು.

ಈಗ ಷೇರಿನ ಸಂಬಳ.
ಕೊಟ್ಟ ದಿನದ ಬೆಲೆಯನ್ನು ಮೂರು ವರ್ಷಕ್ಕೆ ಹಂಚಿ
ತಿಂಗಳಿಗಿಷ್ಟು ಖರ್ಚು.
ಮೂರು ತುಂಬಿದರೆ ಕೈಗೆ.

ಪರಿಹಾರ ವಿಭಾಗದ ಎರ್ವಿನ್ ಡಾರೆಲ್
ಹನ್ನೊಂದು ದಿನ ಬಾಕಿಯಿರುವಾಗ ಕೆಲಸ ಬಿಟ್ಟ.
ಬಿರುಗಾಳಿಯ ವಾರ ಕುರ್ಚಿಯಲ್ಲೇ ಮಲಗಿ
ನಾನೂರು ಮನೆಗಳ ಹಾರಿದ ಮಾಡು ಎಣಿಸಿದವನು.
ಯಾಕೆಂದರೆ, ದೋಣಿಗೆ ಬಣ್ಣ ಹಚ್ಚಬೇಕು ಅಂದ.
ಕೈಗೆ ಬಂದ ತುತ್ತು, ಎಂದು ಎಲ್ಲರೂ ಲೊಚಗುಟ್ಟಿದರು.

ನಿಯಮದಲ್ಲಿ ಗೊಂದಲವಿಲ್ಲ: ಕೈತಪ್ಪಿದ ಷೇರಿಗೆ
ಈವರೆಗೆ ಬರೆದ ಖರ್ಚೆಲ್ಲ ವಾಪಸ್ಸು.
ಅವನ ಸಾವಿರದ ಎಂಬತ್ತೈದು ದಿನ
ಒಂದೇ ಸಾಲಿನಲ್ಲಿ ಸೊನ್ನೆ,
ಕಂಪನಿಗೆ ಅಷ್ಟು ಲಾಭ.

ಬರೆದಳು. ಕೂಡಿದಳು. ಸರಿಯಿತ್ತು.
ಮತ್ತೆ ಕೂಡಿದಳು.

ಕಿಟಕಿಯಾಚೆ ಬಂದರಿನಲ್ಲಿ
ಇನ್ನೂ ಒಣಗದ ನೀಲಿಯ ದೋಣಿಯೊಂದು.
ಅವನದಿರಬಹುದು, ಯಾರದೂ ಇರಬಹುದು.

ಅವಳ ಷೇರಿಗೆ ಇನ್ನು ಏಳು ತಿಂಗಳು.
ಬೆರಳು ಕ್ಯಾಲ್ಕುಲೇಟರಿನ ಮೇಲಿದೆ,
ಒತ್ತಿಲ್ಲ.