ಜಿಗಿ

ಬಂಗಾರಪೇಟೆ ಸ್ಟೇಷನ್ನಿನೆದುರು
ಹದಿನೇಳು ವರ್ಷದಿಂದ ನಾನು ಪರೋಟ ಮಾಸ್ಟರು.
ಮೈದಾ ನನ್ನ ಮಾತು ಕೇಳುತ್ತದೆ.
ಎಣ್ಣೆ ಸವರಿ ಎತ್ತಿ ಬೀಸಿದರೆ
ಕಲ್ಲಿನ ಮೇಲೆ ಮಲ್ಲುಪಂಚೆಯಂತೆ ಹರಡುತ್ತದೆ,
ಆಚೆ ನಿಂತವನ ವಾಚಿನ ಮುಳ್ಳು ಕಾಣುವಷ್ಟು ತೆಳ್ಳಗೆ.
ಹರಿಯುವುದಿಲ್ಲ. ಒಳಗೊಳಗೇ ಹಿಡಿದುಕೊಂಡಿರುತ್ತದೆ
ಏನೋ ಒಂದು. ನಾವದನ್ನು ಜಿಗಿ ಅಂತೀವಿ.

ಆ ಜಿಗಿಯೇ ಮಗಳ ಕರುಳಿಗೆ ಆಗಿಬರುವುದಿಲ್ಲ
ಅಂದರು ಟಮಕದ ಆಸ್ಪತ್ರೆಯ ಡಾಕ್ಟರಮ್ಮ.
ಗೋಧಿ, ಮೈದಾ, ರವೆ, ಶ್ಯಾವಿಗೆ, ಬ್ರೆಡ್ಡು, ರಸ್ಕು,
ಚೀಟಿಯ ಹಿಂಬದಿಗೂ ಇಳಿಯಿತು ಪಟ್ಟಿ.
"ನಿಮ್ಮ ಕೆಲಸ ಏನು?" ಕೇಳಿದರು ಕೊನೆಗೆ.
ಹೇಳಿದೆ. ಪೆನ್ನಿಗೆ ಮುಚ್ಚಳ ಹಾಕಿ
ಸ್ವಲ್ಪ ಹೊತ್ತು ನನ್ನ ಉಗುರು ನೋಡಿದರು.

ಅವತ್ತಿನಿಂದ ಮನೆಗೆ ಬಂದರೆ ಹಿತ್ತಿಲ ನಲ್ಲಿಯೇ ಮೊದಲು.
ಅಂಗಿ ಹೊರಗಿನ ಮೊಳೆಗೆ. ಬೆರಳ ಸಂದಿಗೆ ತೆಂಗಿನ ನಾರು.
ತಿಕ್ಕಿ ತಿಕ್ಕಿದ ಮೇಲೆಯೇ "ಇಂಚರಾ" ಅಂತ ಕೂಗೋದು.

ನಮ್ಮಮ್ಮನಿಗೆ ಇದೆಲ್ಲ ನಗು:
"ಗೋಧಿಯಂತೆ ಗೋಧಿ! ನಾವು ಕಂಡಿದ್ದು ಯಾವಾಗ?
ಜ್ವರ ಬಂದವರಿಗೆ ಕಾಯಿಸೋ ಗಂಜಿಯಲ್ಲಿ.
ರಾಗಿ ಇಲ್ಲವಾ? ಮುದ್ದೆ ಉಂಡು ಮಲಗಲಿ ನನ್ನ ಮೊಮ್ಮಗಳು."
ಉಣ್ಣುತ್ತಾಳೆ. ಬಸ್ಸಾರು ಮುಗಿಸಿ ತಟ್ಟೆ ನೆಕ್ಕುತ್ತಾಳೆ.
ಆದರೆ ಕ್ಲಾಸಿನಲ್ಲಿ ಯಾರದೋ ಹುಟ್ಟುಹಬ್ಬ,
ಎಲ್ಲರೂ ಪಿಜ್ಜಾದ ನೂಲು ಎಳೆಯುವಾಗ
ಇವಳೊಬ್ಬಳೇ ಬಾಳೆಹಣ್ಣಿನ ಸಿಪ್ಪೆ ಸುಲಿದಳಂತೆ.
ಹೇಳಿದ್ದು ಅವಳಲ್ಲ. ಟೀಚರು.

ಸೋಮವಾರ ಹೋಟೆಲಿಗೆ ರಜ.
ಎರಡು ಹೂಕೋಸು ತಂದೆ, ಮಾಲೂರು ಕಡೆಯವು,
ಎಲೆಯ ಮೇಲೆ ಇನ್ನೂ ಇಬ್ಬನಿ.
ತುರಿದೆ. ಹಬೆ ಕೊಟ್ಟೆ. ಕಡಲೆಹಿಟ್ಟು, ಉಪ್ಪು ಸೇರಿಸಿ
ಅಭ್ಯಾಸಬಲ ನೋಡಿ, ಎತ್ತಿ ಬೀಸಿಯೇಬಿಟ್ಟೆ.
ಗೋಡೆಯ ಕ್ಯಾಲೆಂಡರಿನಲ್ಲಿ ಹದಿನೈದನೇ ತಾರೀಕು ಮುಚ್ಚಿಹೋಯಿತು.
ಗಂಗರತ್ನ ಬಾಗಿಲಿಗೊರಗಿ
ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಎರಡನೆಯದು ತವೆ ಬಿಡಲಿಲ್ಲ.
ಕೆರೆದು, ಉಪ್ಪಿಟ್ಟು ಅಂದುಕೊಂಡು ತಿಂದೆವು.

"ನೀರು," ಅಂದಳು ಅವಳು. "ಹೂವಿನೊಳಗೆ ನೀರಿದೆ, ಹಿಂಡಬೇಕು."
ಹಳೆಯ ವಾಯಿಲ್ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ
ಅವಳೊಂದು ತುದಿ ನಾನೊಂದು ತುದಿ
ಒದ್ದೆ ಕಂಬಳಿ ತಿರುಚುವ ಹಾಗೆ ತಿರುಚಿದೆವು.
ಮಾತಿಲ್ಲದೆ ಇಷ್ಟು ಹತ್ತಿರ ನಿಂತು ಎಷ್ಟು ದಿನವಾಗಿತ್ತೋ.
ಚೊಂಬಿನ ತುಂಬ ಮಬ್ಬು ನೀರು. ಕೈಯಲ್ಲಿ ಉಳಿದದ್ದು ಹಿಡಿಯಷ್ಟು.
ಎರಡು ಹೂವು ಅಂದರೆ ಇಷ್ಟೇನಾ!

ಇನ್ನು ಜಿಗಿ.
ಅಗಸೆ ಬೀಜ ಕುಟ್ಟಿ ನೆನೆಸಿದರೆ ಲೋಳೆ ಬಿಡುತ್ತದೆ,
ಅಮ್ಮನೇ ಹೇಳಿದ್ದು, ನಗು ಮರೆತು.
ಅವಳ ಕಾಲದಲ್ಲಿ ತಲೆಗೂದಲು ಕೂರಿಸಲು ಹಚ್ಚುತ್ತಿದ್ದರಂತೆ.
ಒಂದು ಹಿಡಿ ರಾಗಿಹಿಟ್ಟು. ಕರಿಮೆಣಸು.
ಬೀಸಲಿಲ್ಲ ಈ ಸಲ. ಬಾಳೆಲೆಯ ಮೇಲಿಟ್ಟು
ಒದ್ದೆ ಬೆರಳಲ್ಲಿ ತಟ್ಟಿದೆ,
ತೇಗು ಬರಲೆಂದು ಕೂಸಿನ ಬೆನ್ನು ತಟ್ಟುವಷ್ಟೇ ಜೋರು.

ಹೊಸ ತವೆ, ಮೈದಾದ ಮುಖ ಕಂಡಿಲ್ಲದ್ದು.
ಮುಚ್ಚಳದ ಮೇಲೆ ತೆಂಗಿನ ಚಿಪ್ಪಿನ ಕೆಂಡ.
ಜೋಲಾರಪೇಟೆ ಗಾಡಿ ಬರುವ ತನಕ ಒಂದು ಮಗ್ಗುಲು.
ಮಗುಚಿ, ಬೆಳ್ಳುಳ್ಳಿ ಹಾಕಿ ಬತ್ತಿಸಿದ ಟೊಮೆಟೊ ಗೊಜ್ಜು,
ದಪ್ಪಮೆಣಸಿನಕಾಯಿ, ಈರುಳ್ಳಿ, ಚೀಸು.
ಗಾಡಿ ಹೊರಟು ಗೇಟು ತೆಗೆಯುವ ತನಕ ಇನ್ನೊಂದು.

ಇಂಚರ ತುಂಡೆತ್ತಿದಳು. ಅದರ ಮೂಗು ಬಾಗಿತು.
ಇನ್ನೊಂದು ಅಂಗೈ ಕೆಳಗೆ ಕೊಟ್ಟಳು.
ಚೀಸು ಎಳೆಯಾಗಿ ಗಲ್ಲದವರೆಗೂ ಬಂತು.
"ಅಪ್ಪಾ, ಇದು ಪಿಜ್ಜಾ ಅಲ್ಲ," ಅಂದಳು ಅಗಿಯುತ್ತ.
"ನಿಂಗೆ ಅದರ ರುಚಿ ಹೆಂಗೆ ಗೊತ್ತೇ?" ಅಜ್ಜಿ ಗದರಿದಳು.
"ಗೊತ್ತಿಲ್ಲ. ಇನ್ನೊಂದು ತುಂಡು ಕೊಡು."

ಮಂಗಳವಾರ ಮತ್ತೆ ಕಲ್ಲಿನ ಮುಂದೆ.
ಎಣ್ಣೆ ಸವರಿ ಎತ್ತಿ ಬೀಸುವ ಹೊತ್ತಿಗೆ
ಕೈ ಒಂದು ಗಳಿಗೆ ಹಿಂಜರಿಯಿತು, ಹರಿದೀತೆಂದು.
"ಏನು ಮಾಸ್ಟ್ರೇ, ನಿಂತುಬಿಟ್ರಿ?" ಅಂದ ಗಲ್ಲಾದ ಹುಡುಗ.
ಏನಿಲ್ಲ, ಅಂದೆ.
ಉಗುರಿನ ಸಂದಿಯಲ್ಲಿ ಒಂದಿಷ್ಟು ರಾಗಿ.