ಟಿವಿ ಸೌಂಡು ಕಮ್ಮಿ ಮಾಡಿ

ಹೊಳಲು ಸರ್ಕಲ್ಲಿನ ನನ್ನಂಗಡಿ ಬಾಗಿಲ ಮೇಲೆ
ಇನ್ನೂ ಇದೆ ಆ ಹಳೇ ಸ್ಟಿಕ್ಕರು:
'ಕಾರ್ಡಿಗೆ ಹಾಡು ಹಾಕಲಾಗುವುದು'.
'ಹಾಡು' ಮಾತ್ರ ಬಿಸಿಲಿಗೆ ಎದ್ದುಹೋಗಿ
ಈಗ 'ಕಾರ್ಡಿಗೆ ಹಾಕಲಾಗುವುದು'.
ಏನನ್ನು ಅಂತ ಯಾರೂ ಕೇಳಿಲ್ಲ.

ಇಪ್ಪತ್ತು ರೂಪಾಯಿಗೆ ಇನ್ನೂರು ಹಾಡು.
ಕಬ್ಬಿನ ಟ್ರ್ಯಾಕ್ಟರು ಫ್ಯಾಕ್ಟರಿ ಸಾಲಲ್ಲಿ ನಿಲ್ಲಿಸಿ
ಜವರಾಯಿ ಬರುತ್ತಿದ್ದ, ಪೆನ್‌ಡ್ರೈವನ್ನು ಉಡಿದಾರಕ್ಕೆ ಕಟ್ಟಿಕೊಂಡು.
"ಅಳೋವು ಬ್ಯಾಡ ಕಣಣ್ಣ, ಏರು ಹತ್ಸೋವು ಹಾಕು."
ಯಾವ ಹಾಡಿಗೆ ಯಾರ ಟ್ರ್ಯಾಕ್ಟರು ಏರು ಹತ್ತುತ್ತದೆ
ನನಗೆ ಗೊತ್ತಿತ್ತು.
ಕಳ್ಳಮಾಲು, ಒಪ್ಪುತ್ತೇನೆ.
ಹಾಡು ಕಟ್ಟಿದವನಿಗೆ ನನ್ನಿಂದ ಬಿಡಿಗಾಸೂ ಮುಟ್ಟಿಲ್ಲ.
ಈಗ ಎಲ್ಲರೂ ನ್ಯಾಯವಾಗಿ ಕೇಳುತ್ತಾರಂತೆ.
ಈಗಲಾದರೂ ಮುಟ್ಟುತ್ತದೋ, ಹಾಡಿದವರೇ ಹೇಳಬೇಕು.

ಮೂಲೆಯಲ್ಲಿ ಟಿವಿ. ದಿನವಿಡೀ ಹಾಡಿನ ಚಾನೆಲ್ಲು.
ಸತ್ಯ ಹೇಳುತ್ತೇನೆ, ನಾನು ಕುಣಿತ ನೋಡಿದ್ದು ಕಮ್ಮಿ,
ಕೆಳಗೆ ಹರಿಯುವ ಪಟ್ಟಿ ಓದಿದ್ದೇ ಹೆಚ್ಚು.
ಮೂರು ರೂಪಾಯಿಗೊಂದು ಮೆಸೇಜು:
'ಮದ್ದೂರಿನ ಎಂ., ಸಾರಿ ಕಣೆ'
'ಕೆ.ಆರ್.ಪೇಟೆ ಬಾಯ್ಸ್‌ಗೆ ಹಾಯ್'
'ಅಪ್ಪ ಒಪ್ಪಿದ್ರು ಸೋಮವಾರ ಬಾ'.
ಮೇಲೆ ಯಾವುದೋ ದೇಶದ ಹಿಮದಲ್ಲಿ ಯಾರೋ ಉರುಳುತ್ತಿದ್ದರೆ
ಕೆಳಗೆ ಮಂಡ್ಯ ಜಿಲ್ಲೆ
ನಾಲೆ ನೀರಿನ ಹಾಗೆ ಎಡಕ್ಕೆ ಹರಿದುಹೋಗುತ್ತಿತ್ತು.

ಒಂದು ಗುರುವಾರ ತೇಜಾವತಿ
ಹತ್ತರ ಕರೆನ್ಸಿ ಹಾಕಿಸಿ, ಇಲ್ಲೇ ನಿಂತು ಡಯಲ್ಲು ಮಾಡಿದಳು.
ಹದಿನೆಂಟು ಸಲ ಎಂಗೇಜು. ಹತ್ತೊಂಬತ್ತಕ್ಕೆ ಸಿಕ್ಕಿತು.
"ಹಲೋ, ಯಾರು, ಎಲ್ಲಿಂದ, ಊಟ ಆಯ್ತಾ?"
"ತೇಜಾವತಿ, ಮಂಡ್ಯ, ಆಯ್ತು."
ಬೆಳಗ್ಗೆ ಹನ್ನೊಂದೂಕಾಲು, ಆ ಹೊತ್ತಿಗೆ ಎಂಥ ಊಟ.
"ಟಿವಿ ಸೌಂಡು ಕಮ್ಮಿ ಮಾಡಿ ಪ್ಲೀಸ್."
ನಾನು ಓಡಿಹೋಗಿ ತಿರುಪಿದೆ.
"ಯಾರಿಗೋಸ್ಕರ ಈ ಹಾಡು?"
ಅಂಗಡಿಯಲ್ಲಿ ಏಳು ಜನ. ಬೀಡಿ ಹಿಡಿದವನು ಬೂದಿ ಕೊಡವಲಿಲ್ಲ.
ಅವಳು ಉಸಿರೆಳೆದುಕೊಂಡಳು.
ಆ ಉಸಿರು ಪ್ರಸಾರವಾಯಿತು, ಇಡೀ ಕರ್ನಾಟಕ ಕೇಳಿತು,
ಕರೆನ್ಸಿ ಮುಗಿಯಿತು.
"ಲೈನ್ ಕಟ್ಟಾಯ್ತು ಅನ್ಸುತ್ತೆ, ಪರವಾಗಿಲ್ಲ,
ಈ ಹಾಡು ಮಂಡ್ಯದ ಎಲ್ಲರಿಗೋಸ್ಕರ!"
ಹೀಗೆ ಊರಿಗೆಲ್ಲ ಹಂಚಿಹೋಯಿತು
ಒಬ್ಬನಿಗೆ ಹೊರಟಿದ್ದು.

ಹಂಚುವುದು ಅಂದರೆ ನನ್ನ ಲೆಕ್ಕದಲ್ಲಿ
ಕೊಟ್ಟವನ ಕೈಲಿ ಕಮ್ಮಿಯಾಗಬೇಕು.
ಆಲೆಮನೆಯಲ್ಲಿ ಬೆಲ್ಲ ಮುರಿದುಕೊಟ್ಟರೆ
ಅಚ್ಚು ಸಣ್ಣದಾಗುತ್ತದೆ, ಅಂಗೈಗೆ ಅಂಟು ಉಳಿಯುತ್ತದೆ.
ಬ್ಲೂಟೂತಿನಲ್ಲಾದರೂ ಒಂದು ಹಾಡು ದಾಟುವಷ್ಟು ಹೊತ್ತು
ಇಬ್ಬರು ಪಕ್ಕಪಕ್ಕ ನಿಲ್ಲಬೇಕಿತ್ತು,
ಕೊಂಚ ದೂರ ಸರಿದರೆ 'ವಿಫಲ'.
ಬಸ್‌ಸ್ಟ್ಯಾಂಡಿನ ಕಂಬದ ಬಳಿ
ತೊಂಬತ್ತೆಂಟು ಪರ್ಸೆಂಟಿಗೇ ನಿಂತುಹೋದ ಲವ್ವುಗಳೆಷ್ಟೋ.

ಈಗ ಒಂದು ಬೆರಳೊತ್ತಿಗೆ ಇನ್ನೂರೈವತ್ತು ಜನ.
ಯಾರೂ ಕೇಳುವುದಿಲ್ಲ, ಹೆಬ್ಬೆಟ್ಟು ತೋರಿಸುತ್ತಾರೆ,
ಸೊಸೈಟಿ ಅಂಗಡಿಯ ಯಂತ್ರಕ್ಕೆ ಒತ್ತಿದ ಹಾಗೆ.
ನನ್ನ ಮಗಳ ಫೋನು ಹೇಳುತ್ತದೆ: 'ಇದು ನಿಮಗಾಗಿ'.
ಎಷ್ಟು ಧೈರ್ಯ ನೋಡಿ,
ಉಸಿರು ಕೂಡ ಎಳೆದುಕೊಳ್ಳದೆ ಹೇಳುತ್ತದೆ.

ಮೊನ್ನೆ ತೇಜಾವತಿ ಬಂದಿದ್ದಳು, ಫೋನಿನ ಗ್ಲಾಸು ಬದಲಿಸಲು.
ಕೊರಳಲ್ಲಿ ಗಾರ್ಮೆಂಟ್ಸಿನ ಐಡಿ ಕಾರ್ಡು.
ಅಂಟಿಸುತ್ತ, ಗುಳ್ಳೆ ಒತ್ತುತ್ತ, ಕೇಳಿಯೇಬಿಟ್ಟೆ:
"ಅವತ್ತು ಯಾರೆಸ್ರು ಹೇಳಕ್ಕೋಗಿದ್ದವ್ವ?"
"ಅಯ್ಯೋ ಬುಡಣ್ಣ" ಎಂದು ನಕ್ಕಳು.
ಆಮೇಲೆ ಮೂಲೆಯ ಟಿವಿ ಕಡೆ ತಿರುಗಿ
(ಅದು ಕೆಟ್ಟು ಆರು ವರ್ಷ)
"ಮೊದ್ಲು ಅದರ ಸೌಂಡು ವಸಿ ಕಮ್ಮಿ ಮಾಡು" ಎಂದಳು.

ಎಷ್ಟು ಒತ್ತಿದರೂ ಗ್ಲಾಸಿನಡಿ
ಒಂದು ಗುಳ್ಳೆ ಹೋಗಲೇ ಇಲ್ಲ.
ಹತ್ತು ರೂಪಾಯಿ ಕಮ್ಮಿ ತೆಗೆದುಕೊಂಡೆ.